ಡಿಸ್ಕಾರ್ಡ್.ಜೆಎಸ್: ಅಕ್ಷರಕ್ಕೆ ಸೈ, ಧ್ವನಿ ಕೆಟ್ಟರೆ ಬಾಯೇ ಬಿಡದು

ಡಿಸ್ಕಾರ್ಡ್ ಬಾಟ್ ಬರೆಯುವವರಿಗೆ ಡಿಸ್ಕಾರ್ಡ್.ಜೆಎಸ್ ಏನೆಂದು ಹೇಳಿಕೊಡಬೇಕಿಲ್ಲ. ಉಳಿದವರಿಗೆ ಒಂದು ಮಾತು: ಡಿಸ್ಕಾರ್ಡ್ ಎಂಬ ಹರಟೆ ತಾಣದಲ್ಲಿ ತಾನಾಗಿ ಉತ್ತರಿಸುವ, ಹಾಡು ನುಡಿಸುವ ಬಾಟ್‌ಗಳನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಲು ಬಳಸುವ ಲೈಬ್ರರಿ ಇದು. ಸ್ಲ್ಯಾಶ್ ಕಮಾಂಡ್ (‘/’ ಒತ್ತಿ ಬಾಟ್‌ಗೆ ಕೊಡುವ ಆಜ್ಞೆ), ಬಟನ್, ಎಂಬೆಡ್ ಎಲ್ಲವೂ ಅದರ ಗೈಡ್‌ನಲ್ಲಿ ಚೆನ್ನಾಗಿಯೇ ಇವೆ, ಕೊನೆಯಲ್ಲಿ ಕನ್ನಡ ಹೆಸರಿನ ಒಂದು ಮಾತು ಬಿಟ್ಟರೆ ಇಲ್ಲಿ ಅವನ್ನು ಮುಟ್ಟುವುದಿಲ್ಲ. 12ನೇ ಆವೃತ್ತಿಯಿಂದ 14ರವರೆಗೆ ಬಳಸಿದ ಮೇಲೆ ದೂರು ಉಳಿದಿರುವುದು ಒಂದೇ ಕಡೆ, ಧ್ವನಿಯ ಭಾಗದಲ್ಲಿ. ಅದು ಕೆಡುತ್ತದೆ ಎಂಬುದಲ್ಲ ದೂರು. ಕೆಟ್ಟದ್ದನ್ನು ಹೇಳುವುದಿಲ್ಲ ಎಂಬುದು. ಬಾಟ್ ವಾಯ್ಸ್ ಚಾನೆಲ್‌ಗೆ ಬಂದು ಕೂರುತ್ತದೆ, ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಕಿವಿಗೆ ಏನೂ ಬೀಳುವುದಿಲ್ಲ. ಟರ್ಮಿನಲ್ ನೋಡಿದರೆ ಅಲ್ಲೂ ಏನೂ ಇಲ್ಲ.

12ರಲ್ಲಿ ಧ್ವನಿ ಲೈಬ್ರರಿಯ ಒಳಗೇ ಇತ್ತು. ಚಾನೆಲ್‌ಗೆ ಜಾಯಿನ್, ಕನೆಕ್ಷನ್‌ಗೆ ಪ್ಲೇ, ಎರಡು ಸಾಲಿಗೆ ಕೆಲಸ ಮುಗಿಯುತ್ತಿತ್ತು. 2021ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿ ಅದನ್ನು ಡಿಸ್ಕಾರ್ಡ್‌ಜೆಎಸ್/ವಾಯ್ಸ್ ಎಂಬ ಬೇರೆ ಪ್ಯಾಕೇಜ್ ಮಾಡಿತು. ಈಗ ಜಾಯಿನ್‌ವಾಯ್ಸ್‌ಚಾನೆಲ್ ಕರೆದು ಕನೆಕ್ಷನ್ ಪಡೆಯಬೇಕು, ಪ್ಲೇಯರ್ ಬೇರೆ ಮಾಡಬೇಕು, ಹಾಡಿಗೊಂದು ರಿಸೋರ್ಸ್ ಮಾಡಬೇಕು, ಕೊನೆಗೆ ಕನೆಕ್ಷನ್ ಆ ಪ್ಲೇಯರ್‌ಗೆ ಸಬ್‌ಸ್ಕ್ರೈಬ್ ಆಗಬೇಕು. ಮೊದಲ ನೋಟಕ್ಕೆ ಸುಮ್ಮನೆ ಉದ್ದ ಮಾಡಿದ ಹಾಗೆ ಕಾಣುತ್ತದೆ. ಆದರೆ ಒಂದೇ ಪ್ಲೇಯರ್‌ಗೆ ಹತ್ತು ಸರ್ವರ್‌ಗಳ ಕನೆಕ್ಷನ್ ಸಬ್‌ಸ್ಕ್ರೈಬ್ ಆಗಬಹುದು, ಎನ್‌ಕೋಡ್ ಒಂದೇ ಸಲ ನಡೆಯುತ್ತದೆ. ರೇಡಿಯೋ ತರಹದ ಬಾಟ್‌ಗೆ ಇದು ನಿಜಕ್ಕೂ ಒಳ್ಳೆಯ ವಿನ್ಯಾಸ.

ಮೌನದ ವಿಷಯಕ್ಕೆ ಬರೋಣ. ಕನೆಕ್ಷನ್ ಯಾವ ಸ್ಥಿತಿಯಲ್ಲಿ ಸಿಕ್ಕಿಬಿದ್ದಿದೆ ಎಂದು ತಿಳಿದರೆ ಕಾರಣ ಮುಕ್ಕಾಲು ಪಾಲು ಸಿಕ್ಕಂತೆ.

ಸಿಗ್ನಲಿಂಗ್‌ನಲ್ಲೇ ನಿಂತಿದ್ದರೆ ಮೊದಲು ಇಂಟೆಂಟ್ ಪಟ್ಟಿ ನೋಡಿ, ಅಂದರೆ ಯಾವ ಬಗೆಯ ಸುದ್ದಿ ಬೇಕೆಂದು ಬಾಟ್ ಡಿಸ್ಕಾರ್ಡ್‌ಗೆ ಕೊಡುವ ಪಟ್ಟಿ. ಕ್ಲೈಂಟ್ ಮಾಡುವಾಗ ಗಿಲ್ಡ್‌ವಾಯ್ಸ್‌ಸ್ಟೇಟ್ಸ್ ಸೇರಿಸಿರುವುದಿಲ್ಲ. ಸೇರುತ್ತೇನೆ ಎಂದು ಬಾಟ್ ಕೇಳಿದಾಗ ಡಿಸ್ಕಾರ್ಡ್ ಎರಡು ಉತ್ತರ ಕಳಿಸಬೇಕು: ವಾಯ್ಸ್ ಸ್ಟೇಟ್ ಅಪ್‌ಡೇಟ್ ಒಂದು, ವಾಯ್ಸ್ ಸರ್ವರ್ ಅಪ್‌ಡೇಟ್ ಇನ್ನೊಂದು. ಇಂಟೆಂಟ್ ಇಲ್ಲದಿದ್ದರೆ ಮೊದಲನೆಯದು ಬರುವುದಿಲ್ಲ, ಲೈಬ್ರರಿ ಎರಡಕ್ಕೂ ಕಾಯುತ್ತಾ ಕೂರುತ್ತದೆ. ಚಾನೆಲ್‌ನಲ್ಲಿ ಕನೆಕ್ಟ್ ಅನುಮತಿ ಇಲ್ಲದಿದ್ದರೂ ಇದೇ ಕಥೆ. ಎಂಟರ್ಸ್‌ಸ್ಟೇಟ್ ಬಳಸಿ ರೆಡಿ ಆಗಲು 20 ಸೆಕೆಂಡ್ ಗಡುವು ಕೊಟ್ಟಿದ್ದರೆ, ಗಡುವು ಮುಗಿದ ಮೇಲೆ ಸಿಗುವುದು ‘ಕಾರ್ಯಾಚರಣೆ ರದ್ದಾಯಿತು’ ಎಂಬ ಅರ್ಥದ ಅಬಾರ್ಟ್ ಎರರ್ ಮಾತ್ರ. ಯಾಕೆ ರದ್ದಾಯಿತು ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು.

ಕನೆಕ್ಟಿಂಗ್‌ನಲ್ಲಿ ನಿಂತಿದ್ದರೆ ಕೋಡ್ ಬಿಟ್ಟು ಹೋಸ್ಟಿಂಗ್ ಕಡೆ ತಿರುಗಿ. ಧ್ವನಿ ಹೋಗುವುದು ಯುಡಿಪಿ ಮೇಲೆ, ತಲುಪಿತೇ ಎಂದು ಕಾಯದೆ ಪ್ಯಾಕೆಟ್ ಕಳಿಸುವ ವಿಧಾನದಲ್ಲಿ. ತನ್ನ ಹೊರಗಿನ ವಿಳಾಸ ಯಾವುದೆಂದು ತಿಳಿಯಲು ಬಾಟ್ 74 ಬೈಟ್‌ನ ಒಂದು ಪ್ಯಾಕೆಟ್ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಅಗ್ಗದ ಕಂಟೇನರ್ ಹೋಸ್ಟಿಂಗ್‌ಗಳಲ್ಲಿ ಹಲವು ಯುಡಿಪಿ ಬಿಡುವುದೇ ಇಲ್ಲ. ಮೆಸೇಜು, ಕಮಾಂಡುಗಳು ವೆಬ್‌ಸಾಕೆಟ್ ಮತ್ತು ಎಚ್‌ಟಿಟಿಪಿಎಸ್ ಮೇಲೆ ಸರಾಗವಾಗಿ ಓಡುತ್ತಿರುತ್ತವಾದ್ದರಿಂದ ಯಾರಿಗೂ ನೆಟ್‌ವರ್ಕ್ ಮೇಲೆ ಅನುಮಾನ ಬರುವುದಿಲ್ಲ. ದುಡ್ಡು ಕಟ್ಟುವ ಮೊದಲೇ ಹೊರಹೋಗುವ ಯುಡಿಪಿ ಇದೆಯೇ ಎಂದು ಕೇಳಿಕೊಳ್ಳಿ. ಅದಿದ್ದರೆ ಸಣ್ಣ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಧಾರಾಳ ಸಾಕು.

ರೆಡಿ ಎಂದು ತೋರಿಸಿಯೂ ಸದ್ದಿಲ್ಲದಿದ್ದರೆ ಪ್ಲೇಯರ್‌ನ ಸ್ಥಿತಿ ನೋಡಬೇಕು. ಆಟೋಪಾಸ್ಡ್ ಎಂದಿದ್ದರೆ ಸಬ್‌ಸ್ಕ್ರೈಬ್ ಸಾಲು ಮರೆತಿದೆ. ಕೇಳುವವರಿಲ್ಲದಾಗ ನಿಲ್ಲುವುದು ಪ್ಲೇಯರ್‌ನ ಸಹಜ ನಡವಳಿಕೆ. ಪ್ಲೇಯಿಂಗ್‌ಗೆ ಹೋದ ತಕ್ಷಣ ಐಡಲ್‌ಗೆ ಬಿದ್ದರೆ ಫೈಲ್ ಅಥವಾ ಹಾಡಿನ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಸರಿಯಿಲ್ಲ. ಪ್ಲೇಯಿಂಗ್‌ನಲ್ಲೇ ಇದ್ದೂ ಸದ್ದಿಲ್ಲದಿದ್ದರೆ ಸ್ಪೀಕ್ ಅನುಮತಿ ಇಲ್ಲ, ಇಲ್ಲವೇ ಅದು ಸ್ಟೇಜ್ ಚಾನೆಲ್. ಸ್ಟೇಜ್‌ನಲ್ಲಿ ಬಾಟ್ ಮೊದಲು ಪ್ರೇಕ್ಷಕರ ಸಾಲಿನಲ್ಲೇ ಕೂರುತ್ತದೆ, ಸೆಟ್‌ಸಪ್ರೆಸ್ಡ್‌ಗೆ ಫಾಲ್ಸ್ ಕೊಟ್ಟು ವೇದಿಕೆಗೆ ಹತ್ತಿಸಬೇಕು.

ಇಷ್ಟನ್ನೂ ಲೈಬ್ರರಿ ತಾನೇ ಒಂದು ಎಚ್ಚರಿಕೆಯ ಸಾಲಿನಲ್ಲಿ ಹೇಳಬಹುದಿತ್ತು. ಹೇಳದಿರುವುದರಿಂದ ಪ್ರತಿ ಪ್ರಾಜೆಕ್ಟ್‌ನಲ್ಲೂ ಮೊದಲು ಮೂರು ಸಾಲು ನೆಡುವುದು ಈಗ ದೇವರ ಮುಂದೆ ದೀಪ ಹಚ್ಚಿದ ಹಾಗೆ ರೂಢಿ. ಒಂದು, ಶುರುವಿನಲ್ಲೇ ಜನರೇಟ್‌ಡಿಪೆಂಡೆನ್ಸಿರಿಪೋರ್ಟ್ ಪ್ರಿಂಟ್ ಮಾಡುವುದು: ಓಪಸ್ ಲೈಬ್ರರಿ (ಧ್ವನಿಯನ್ನು ಡಿಸ್ಕಾರ್ಡ್‌ಗೆ ಬೇಕಾದ ಓಪಸ್ ರೂಪಕ್ಕೆ ಕುಗ್ಗಿಸುವುದು), ಗೂಢಲಿಪಿಯ ಲೈಬ್ರರಿ, ಎಫ್‌ಎಫ್‌ಎಂಪೆಗ್ ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ಅದು ಸಾಲಾಗಿ ಕೊಡುತ್ತದೆ. ಇನ್ನೆರಡು, ಕನೆಕ್ಷನ್ ಮತ್ತು ಪ್ಲೇಯರ್ ಎರಡಕ್ಕೂ ಸ್ಟೇಟ್‌ಚೇಂಜ್ ಲಿಸನರ್ ಹಾಕಿ ಹಳೆಯ ಸ್ಥಿತಿ, ಹೊಸ ಸ್ಥಿತಿ ಬರೆಸುವುದು. ಸಿಗ್ನಲಿಂಗ್, ಕನೆಕ್ಟಿಂಗ್, ರೆಡಿ, ಬಫರಿಂಗ್, ಪ್ಲೇಯಿಂಗ್. ಈ ಐದು ಹೆಸರು ಒಂದರ ಹಿಂದೊಂದು ಇಳಿದರೆ ಹಾಡು ಕೇಳುವ ಮೊದಲೇ ನೆಮ್ಮದಿ.

ಪ್ಲೇಯರ್‌ಗೆ ಎರರ್ ಲಿಸನರ್ ಹಾಕುವುದನ್ನಂತೂ ಮರೆಯಬೇಡಿ. ಇದೊಂದು ಜಾಗದಲ್ಲಿ ಲೈಬ್ರರಿ ಮೌನ ಮುರಿಯುತ್ತದೆ, ಮುರಿದರೆ ಇಡೀ ಪ್ರೋಸೆಸ್ ಕೆಡವುತ್ತದೆ. ಬಿದ್ದ ಪ್ರೋಗ್ರಾಂ ಎಬ್ಬಿಸಲೆಂದೇ ಇರುವ ಪಿಎಂ2 ಅದನ್ನು ಮತ್ತೆ ಎಬ್ಬಿಸುತ್ತದೆ, ಅದೇ ಕೆಟ್ಟ ಫೈಲ್‌ಗೆ ಮತ್ತೆ ಬೀಳುತ್ತದೆ. ಪ್ರತಿ ಸಲ ಲಾಗಿನ್ ಆದಾಗಲೂ 24 ಗಂಟೆಗೆ 1000 ಎಂಬ ಮಿತಿಯಿಂದ ಒಂದು ಕಳೆಯುತ್ತದೆ. ಮಿತಿ ದಾಟಿದರೆ ಡಿಸ್ಕಾರ್ಡ್ ಬಾಟ್‌ನ ಗುಪ್ತಪದದಂತಿರುವ ಟೋಕನ್ ಬದಲಾಯಿಸಿ ಮಾಲೀಕರಿಗೆ ಇಮೇಲ್ ಕಳಿಸುತ್ತದೆ.

ಆವೃತ್ತಿಯ ವಿಷಯದಲ್ಲೂ ಒಂದು ಎಚ್ಚರ. ಧ್ವನಿಯ ಪ್ಯಾಕೇಜನ್ನು ಲಾಕ್ ಫೈಲ್‌ನಲ್ಲಿ (ಆವೃತ್ತಿ ಬದಲಾಗದಂತೆ ಹಿಡಿದಿಡುವ ಫೈಲ್) ಕಟ್ಟಿಹಾಕಿ ವರ್ಷಗಟ್ಟಲೆ ಮರೆಯುವಂತಿಲ್ಲ. 2023ರಲ್ಲಿ ಡಿಸ್ಕಾರ್ಡ್ ಕಡೆಯ ಒಂದು ಬದಲಾವಣೆಯಿಂದ ಹಾಡು ಸುಮಾರು ಒಂದು ನಿಮಿಷಕ್ಕೆ ನಿಂತುಹೋಗುತ್ತಿತ್ತು, ಸಂಪರ್ಕ ಜೀವಂತವಾಗಿಡಲು ಕಳಿಸುವ ಯುಡಿಪಿ ಕೀಪ್‌ಅಲೈವ್‌ಗೆ ಉತ್ತರ ಕಾಯುವುದನ್ನು ಬಿಟ್ಟ ಮೇಲೆ ಸರಿಹೋಯಿತು. 2024ರ ನವೆಂಬರ್ 18ಕ್ಕೆ ಎಕ್ಸ್‌ಸಾಲ್ಸಾ20 ಸಾಲಿನ ಹಳೆಯ ಗೂಢಲಿಪಿ ವಿಧಾನಗಳು ನಿಂತವು. ಧ್ವನಿಯ ಪ್ಯಾಕೇಜಿನ 0.18ಕ್ಕೆ ಏರದ ಬಾಟ್‌ಗಳು ಅಲ್ಲಿಗೆ ಮೂಕವಾದವು. ಆಗ ಹೊಂದುವ ಎನ್‌ಕ್ರಿಪ್ಷನ್ ವಿಧಾನ ಇಲ್ಲ ಎಂದು ಎರರ್ ಬಂದದ್ದೇ ಪುಣ್ಯ. ಏರಿದ್ದರಿಂದ ಒಂದು ಲಾಭವೂ ಆಯಿತು: ಬಾಟ್ ಓಡಿಸುವ ನೋಡ್.ಜೆಎಸ್‌ನಲ್ಲಿ ಎಇಎಸ್-256-ಜಿಸಿಎಂ ಗೂಢಲಿಪಿ ಇದ್ದರೆ ಬೇರೆ ಸೋಡಿಯಂ ಲೈಬ್ರರಿಯ ಗೋಳೇ ಇಲ್ಲ.

ಇಷ್ಟೆಲ್ಲ ಬೈದ ಮೇಲೂ ಇದನ್ನು ಬಿಟ್ಟು ಹೋಗದಿರಲು ಕಾರಣ ಆಗ್ ಓಪಸ್, ಅಂದರೆ ಆಗ್ ಎಂಬ ಫೈಲ್ ಡಬ್ಬಿಯಲ್ಲಿಟ್ಟ ಓಪಸ್ ಧ್ವನಿ.

ಸಾಮಾನ್ಯವಾಗಿ ಎಲ್ಲರೂ ಎಂಪಿ3 ಫೈಲ್ ಹಾದಿಯನ್ನು ರಿಸೋರ್ಸ್‌ಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆಗ ಪ್ರತಿ ಹಾಡಿಗೂ ಒಂದು ಎಫ್‌ಎಫ್‌ಎಂಪೆಗ್ ಪ್ರೋಸೆಸ್ ಹುಟ್ಟುತ್ತದೆ. ಆ ಎಫ್‌ಎಫ್‌ಎಂಪೆಗ್‌ನಲ್ಲಿ ಲಿಬ್‌ಓಪಸ್ ಇಲ್ಲದಿದ್ದರೆ ಅದು ಹಾಡನ್ನು 48 ಕಿಲೋಹರ್ಟ್ಸ್ ಸ್ಟೀರಿಯೋ ಪಿಸಿಎಂ (ಕುಗ್ಗಿಸದ ಧ್ವನಿ) ಮಾಡುತ್ತದೆ. 20 ಮಿಲಿಸೆಕೆಂಡ್‌ನ ಪ್ರತಿ ಫ್ರೇಮ್‌ಗೆ 3840 ಬೈಟ್. ಅದನ್ನು ಓಪಸ್ ಲೈಬ್ರರಿ ಮತ್ತೆ ಕುಗ್ಗಿಸುತ್ತದೆ, ಸೆಕೆಂಡಿಗೆ 50 ಸಲ. ನೇಟಿವ್ ಓಪಸ್ ಕಂಪೈಲ್ ಆಗದೆ ಅದಕ್ಕಿಂತ ನಿಧಾನದ ಓಪಸ್‌ಸ್ಕ್ರಿಪ್ಟ್ ಹಾಕಿಕೊಂಡಿದ್ದರೆ ಒಂದೇ ಕೋರ್‌ನ ಸರ್ವರ್ ಏದುಸಿರು ಬಿಡುತ್ತದೆ, ಹಾಡು ತಡವರಿಸುತ್ತದೆ.

ಫೈಲ್ ಮೊದಲೇ ಆಗ್ ಡಬ್ಬಿಯೊಳಗಿನ ಓಪಸ್ ಆಗಿದ್ದರೆ ಈ ಅಡುಗೆ ಯಾವುದೂ ಬೇಡ. ಪ್ಯಾಕೆಟ್ ತೆಗೆದು, ಗೂಢಲಿಪಿ ಹಾಕಿ, ಕಳಿಸುವುದಷ್ಟೇ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಸಲ ಎಫ್‌ಎಫ್‌ಎಂಪೆಗ್ ಓಡಿಸಿ: ಲಿಬ್‌ಓಪಸ್ ಕೊಡೆಕ್, 48000 ಸ್ಯಾಂಪಲ್ ದರ, ಎರಡು ಚಾನೆಲ್, 64ಕೆ ಬಿಟ್‌ರೇಟ್. ವಾಯ್ಸ್ ಚಾನೆಲ್‌ನ ಮಾಮೂಲಿ ಬಿಟ್‌ರೇಟ್ 64 ಕೆಬಿಪಿಎಸ್, ಹಾಗಾಗಿ ಅದೇ ಸಾಕು. ಚಾನೆಲ್ ಅನ್ನು 96ಕ್ಕೆ ಏರಿಸಿದ್ದರೆ 96. ಜೊತೆಗೆ ವಿಡಿಯೋ ಬೇಡ ಎನ್ನುವ ‘ವಿಎನ್’ ಆಯ್ಕೆ ಕೊಡಲೇಬೇಕು, ಇಲ್ಲದಿದ್ದರೆ ಹಾಡಿಗೆ ಅಂಟಿರುವ ಆಲ್ಬಂ ಚಿತ್ರವನ್ನೂ ಆಗ್ ಫೈಲ್‌ಗೆ ತುರುಕಲು ಹೋಗುತ್ತದೆ.

ರಿಸೋರ್ಸ್ ಮಾಡುವಾಗ ಫೈಲನ್ನು ಕ್ರಿಯೇಟ್‌ರೀಡ್‌ಸ್ಟ್ರೀಮ್‌ನಿಂದ ತೆರೆದು ಕೊಡಿ, ಇನ್‌ಪುಟ್ ಟೈಪ್ ಆಗ್‌ಓಪಸ್ ಎಂದು ಬರೆಯಿರಿ. ಬರೀ ಹಾದಿ ಕೊಟ್ಟರೆ, ಟೈಪ್ ಬರೆದಿದ್ದರೂ ಲೈಬ್ರರಿಗೆ ಅದು ಯಾವುದೋ ಫೈಲ್, ಮತ್ತೆ ಎಫ್‌ಎಫ್‌ಎಂಪೆಗ್ ಕರೆಯುತ್ತದೆ. ಇನ್‌ಲೈನ್‌ವಾಲ್ಯೂಮ್ ಆನ್ ಮಾಡಿದರೂ ಶ್ರಮವೆಲ್ಲ ವ್ಯರ್ಥ: ಸದ್ದು ಹೆಚ್ಚು ಕಡಿಮೆ ಮಾಡಲು ಓಪಸ್ ಬಿಚ್ಚಿ ಮತ್ತೆ ಕಟ್ಟಬೇಕು. ಹಾಡುಗಳ ಸದ್ದು ಸಮ ಮಾಡುವುದಿದ್ದರೆ ಪರಿವರ್ತಿಸುವಾಗಲೇ ಲೌಡ್‌ನಾರ್ಮ್ ಫಿಲ್ಟರ್ ಹಾಕಿ ಮುಗಿಸಿ. ಒಮ್ಮೆ ಮುಗಿದ ರಿಸೋರ್ಸ್ ಎರಡನೇ ಸಲ ನುಡಿಯುವುದಿಲ್ಲ ಎಂಬುದೂ ನೆನಪಿರಲಿ. ಹಾಡು ಪುನರಾವರ್ತನೆ ಆಗಬೇಕಿದ್ದರೆ ಐಡಲ್ ಆದಾಗಲೆಲ್ಲ ಹೊಸದು ಮಾಡಬೇಕು.

ಇಷ್ಟು ಮಾಡಿದ ಮೇಲೆ ಸರ್ವರ್‌ನಲ್ಲಿ ಹಾಡು ಓಡುತ್ತಿದೆಯೋ ಇಲ್ಲವೋ ಎಂದು ಸಿಪಿಯು ಗ್ರಾಫ್ ನೋಡಿ ಹೇಳುವುದು ಕಷ್ಟ. ಈ ಮೌನ ಮಾತ್ರ ಹಿತ.

ಕನ್ನಡದ ಬಾಟ್ ಮಾಡುವವರಿಗೆ ಇನ್ನೊಂದು ಕಲ್ಲು ಕಾಲಿಗೆ ಸಿಗುತ್ತದೆ. ಸ್ಲ್ಯಾಶ್ ಕಮಾಂಡ್‌ಗೆ ‘ಹಾಡು’ ಎಂದು ಹೆಸರಿಟ್ಟರೆ ಕಮಾಂಡ್ ಬಿಲ್ಡರ್ ತಳ್ಳಿಹಾಕುತ್ತದೆ, ವಿನಂತಿ ಡಿಸ್ಕಾರ್ಡ್ ತಲುಪುವುದೇ ಇಲ್ಲ. ನಿಯಮ ಮೂಲದಲ್ಲಿ ಡಿಸ್ಕಾರ್ಡ್‌ನದೇ: ಹೆಸರಿನಲ್ಲಿ ಅಕ್ಷರ, ಅಂಕಿ ಇರಬಹುದು. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ದೀರ್ಘ, ಕೊಂಬು, ಅನುಸ್ವಾರ, ಒತ್ತಕ್ಷರ ಮಾಡುವ ಹಲಂತದ ಗುರುತು ಯಾವುದೂ ಅಕ್ಷರವಲ್ಲ, ಸೇರುವ ಗುರುತು. ದೇವನಾಗರಿ ಮತ್ತು ಥಾಯ್ ಲಿಪಿಗೆ ನಿಯಮದಲ್ಲೇ ಪ್ರತ್ಯೇಕ ವಿನಾಯಿತಿ ಇದೆ, ಕನ್ನಡಕ್ಕಿಲ್ಲ. ಹೆಸರನ್ನು ಭಾಷೆಗೆ ತಕ್ಕಂತೆ ತೋರಿಸುವ ಲೊಕೇಲ್ ಪಟ್ಟಿಯಲ್ಲೂ ಹಿಂದಿ ಇದೆ, ಕನ್ನಡ ಇಲ್ಲ.

ಹಾಗಾಗಿ ಗುಣಿತವಿಲ್ಲದ ಹೆಸರು ಹುಡುಕಬೇಕು. ‘ಆಟ’ ಪಾಸಾಗುತ್ತದೆ, ‘ಊಟ’ ಪಾಸಾಗುತ್ತದೆ. ಹಾಡಿಗೆ ದಾಸರನ್ನು ನೆನೆದು ‘ಪದ’ ಎಂದಿಟ್ಟರೆ ಸರಾಗ. ವಿವರಣೆಗೆ ಈ ನಿರ್ಬಂಧವಿಲ್ಲ, 100 ಅಕ್ಷರದೊಳಗೆ ಪೂರ್ತಿ ಕನ್ನಡ ಬರೆಯಬಹುದು. ಆಪ್ಷನ್‌ನೊಳಗೆ ಕೊಡುವ ಚಾಯ್ಸ್‌ಗಳ ಹೆಸರೂ ಹಾಗೆಯೇ, ಆದರೆ ಆಪ್ಷನ್‌ನ ಹೆಸರಿಗೆ ಕಮಾಂಡ್ ಹೆಸರಿನ ನಿಯಮವೇ. ‘ನಿಲ್ಲಿಸು’, ‘ಸಾಕು’, ‘ಮುಂದೆ’ ಇವುಗಳಿಗೆ ಮಾತ್ರ ಗುಣಿತ ತಪ್ಪಿಸುವ ದಾರಿಯಿಲ್ಲ, ಅವನ್ನು ಹಾಡಿನ ಮೆಸೇಜ್ ಕೆಳಗೆ ಬಟನ್‌ಗಳಾಗಿ ಇಡಿ. ಬಟನ್ ಮೇಲೆ ಯಾವ ಲಿಪಿಯಾದರೂ ಸರಿ, 80 ಅಕ್ಷರದವರೆಗೆ ಅಡ್ಡಿಯಿಲ್ಲ.