ಕಾಲಿನ ಮೂಳೆಯಿಂದ ಕಟ್ಟಿಕೊಟ್ಟ ಮೇಲ್ದವಡೆ

ಮುಂದೆ ಚಾಚಿದ್ದ ಮೇಲ್ದವಡೆ ಸರಿಮಾಡಿಸಲು ಒಂದು ಆಸ್ಪತ್ರೆಯಲ್ಲಿ ಲೆಫೋರ್ಟ್ ಆಪರೇಷನ್ (ಮೇಲ್ದವಡೆಯ ಮೂಳೆ ಕತ್ತರಿಸಿ ಸರಿಸುವುದು) ಮಾಡಿಸಿದ್ದೆ. ಕತ್ತರಿಸಿ ಸರಿಸಿದ ತುಂಡಿಗೆ ರಕ್ತ ಸಾಲಲಿಲ್ಲ. ವಸಡು ಮೊದಲು ಬಿಳಿಚಿತು, ಆಮೇಲೆ ಕಪ್ಪಾಯಿತು. ಆರು ಹಲ್ಲು, ಅವುಗಳ ಮೂಳೆ ಎಲ್ಲ ಹೋಯಿತು. ಕುಡಿದ ನೀರು ಮೂಗಿನಲ್ಲಿ ಬರುತ್ತಿತ್ತು. ಅಪರೂಪ ನಿಜ, ಆದರೆ ಹೀಗೂ ಆಗಬಹುದು ಅಂತ ಮೊದಲೇ ಹೇಳಬೇಕಿತ್ತು ಅಲ್ವಾ?

ಮರುಜೋಡಣೆಗೆ ಬೆಂಗಳೂರಿನ ಬೇರೆ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಸಿಟಿ ಸ್ಕ್ಯಾನ್ ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ವಿವರಿಸಿದರು. ಸಣ್ಣ ಜಾಗವಾದರೆ ಸೊಂಟದ ಮೂಳೆ ಸಾಕು. ನನ್ನದಕ್ಕೆ ತನ್ನದೇ ರಕ್ತನಾಳ ಇರುವ ಮೂಳೆ ಬೇಕು, ಅದು ಮೊಣಕಾಲ ಕೆಳಗಿನ ಫಿಬ್ಯುಲಾ. ಮೈಭಾರದ ಹೆಚ್ಚಿನ ಪಾಲು ಹೊರುವುದು ಪಕ್ಕದ ದಪ್ಪ ಮೂಳೆ ಟಿಬಿಯಾ, ಹಾಗಾಗಿ ನಡೆಯಲು ತೊಂದರೆ ಇಲ್ಲ ಎಂದರು. ಆ ರಕ್ತನಾಳವನ್ನು ಮೈಕ್ರೋಸ್ಕೋಪ್ ಕೆಳಗೆ ಕತ್ತಿನ ನಾಳಕ್ಕೆ ಹೊಲಿದರು. ಹತ್ತು ಗಂಟೆ ಹಿಡಿಯಿತು.

ನನಗೆ ಮರೆಯದಿರುವುದು ಐಸಿಯು ನರ್ಸ್‌ಗಳು. ಗಂಟೆಗೊಮ್ಮೆ ಟಾರ್ಚ್ ಬಿಟ್ಟು ಮೂಳೆಯ ಜೊತೆ ಕೂರಿಸಿದ ಚರ್ಮದ ಬಣ್ಣ ನೋಡುತ್ತಿದ್ದರು, ಡಾಪ್ಲರ್ ಯಂತ್ರ ಇಟ್ಟು ನಾಳದಲ್ಲಿ ರಕ್ತ ಹರಿಯುವ ಸದ್ದು ಕೇಳುತ್ತಿದ್ದರು. "ಚೆನ್ನಾಗಿ ಓಡ್ತಿದೆ ಅಕ್ಕ" ಎಂದು ಪ್ರತಿ ಸಲ ಹೇಳುತ್ತಿದ್ದರು. ಆ ಮಾತಿಗಾಗಿಯೇ ಎಚ್ಚರವಿರುತ್ತಿದ್ದೆ.

ಬಿಲ್ಲಿಂಗ್ ಕೌಂಟರ್ ಮಾತ್ರ ಜಾಸ್ತಿ ಸತಾಯಿಸಿತು. ಮೂಳೆ ತೆಗೆದ ಕಾಲಿನ ಹೆಬ್ಬೆರಳು ಇನ್ನೂ ಸ್ವಲ್ಪ ಬಿಗಿ, ಫಿಸಿಯೋಥೆರಪಿ ಬಿಡಬೇಡಿ. ಆರು ತಿಂಗಳಾದ ಮೇಲೆ ದವಡೆಗೆ ಜೋಡಿಸಿದ ಆ ಮೂಳೆಗೇ ಹಲ್ಲಿನ ಇಂಪ್ಲಾಂಟ್ ಕೂರಿಸಿದರು. ಕಳೆದ ವಾರ ಚಕ್ಕುಲಿ ಕಚ್ಚಿ ತಿಂದೆ.