ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು: ಇಬ್ಬರು ಹೆಂಗಸರ ವೈರಿಂಗ್ ಕೆಲಸ

ನಮ್ಮದು ಮೈಸೂರಿನ ಸರಸ್ವತಿಪುರಂನಲ್ಲಿ 1984ರಲ್ಲಿ ಕಟ್ಟಿದ ಮನೆ. ಎರಡು ತಿಂಗಳಿಂದ ಗೀಸರ್ ಹಾಕಿದಾಗಲೆಲ್ಲ ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಮೊದಲು ಬಂದ ಎಲೆಕ್ಟ್ರಿಷಿಯನ್ ಕಾಯಿಲ್ ಹೋಗಿದೆ ಅಂತ ಹೊಸದು ಹಾಕಿ 1,100 ರೂಪಾಯಿ ತಗೊಂಡು ಹೋದ. ಜುಮ್ ಹೋಗಲಿಲ್ಲ. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಸ್ನಾನ ಮಾಡುವ ಗತಿ ಬಂದ ಮೇಲೆ ತಂಗಿಯ ಮಗಳು ಒಂದು ನಂಬರ್ ಕೊಟ್ಟಳು. "ದೊಡ್ಡಮ್ಮ, ಇಬ್ಬರೂ ಹೆಂಗಸರು. ಕೆಲಸ ಚೆನ್ನಾಗಿ ಮಾಡ್ತಾರೆ. ಇನ್ನೊಂದು ವಿಷಯ ಇದೆ, ಅದನ್ನ ಅವರೇ ಹೇಳ್ತಾರೆ" ಅಂದಳು.

ಇಬ್ಬರಲ್ಲಿ ದೊಡ್ಡಾಕೆ ಹೇಳಿದರು, ಚಪ್ಪಲಿ ಬಿಡುವುದಕ್ಕೂ ಮೊದಲೇ. "ಅಮ್ಮ, ನಾನು ಆರು ವರ್ಸ ಜೈಲಲ್ಲಿದ್ದೋಳು. ಶಿಕ್ಷೆ ಮುಗೀತು. ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬುಡಿ, ಗೋಡೆ ಒಡೆದ್ಮ್ಯಾಲೆ ಅನ್ಬ್ಯಾಡಿ."

ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಂದ ಆಡಿಸಿದ ನಾಟಕ ನೋಡಿ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದವಳು ನಾನು. ನನ್ನ ಮನೆ ಬಾಗಿಲಲ್ಲಿ "ಬನ್ನಿ" ಅನ್ನುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ಕೆಲಸದ ವಿಷಯಕ್ಕೆ ಬರುತ್ತೇನೆ. ಆಕೆ ಗೀಸರ್ ಕಡೆ ನೋಡಲೇ ಇಲ್ಲ. ಪ್ಲಗ್ ಬೋರ್ಡ್ ಬಿಚ್ಚಿ, ಹೋಲ್ಡರಿಗೆ ಹಾಕಿದ 100 ವ್ಯಾಟ್ ಬಲ್ಬಿನ ಒಂದು ವೈರನ್ನು ಕರೆಂಟು ಬರುವ ಫೇಸಿಗೂ ಇನ್ನೊಂದನ್ನು ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿನ ಹಸಿರು ವೈರಿಗೂ ಹಿಡಿದರು. ಬಲ್ಬು ಮಿಣಮಿಣ ಅಂದಿತು, ಪೂರ್ತಿ ಉರಿಯಲಿಲ್ಲ. ಅರ್ಥಿಂಗ್ ಸತ್ತುಹೋಗಿತ್ತು. ಅದನ್ನು ಮುಚ್ಚಲು ಹಿಂದೆ ಯಾರೋ ಹಸಿರು ವೈರನ್ನು ಬಿಚ್ಚಿಟ್ಟು, ಕರೆಂಟು ವಾಪಸು ಹೋಗುವ ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಲೂಪ್ ಕೊಟ್ಟಿದ್ದರು. ನ್ಯೂಟ್ರಲ್ ಎಲ್ಲಾದರೂ ಸಡಿಲವಾಗಿದ್ದರೆ 230 ವೋಲ್ಟೂ ಗೀಸರ್ ಮೈಗೆ ಬಂದು ನಿಲ್ಲುತ್ತಿತ್ತಂತೆ. ಇಷ್ಟು ದಿನ ಅದರ ಕೆಳಗೇ ನಿಂತು ತಲೆಗೆ ನೀರು ಹುಯ್ದುಕೊಂಡಿದ್ದೇನೆ.

ಪಾರಿಜಾತದ ಗಿಡದ ಹತ್ತಿರ ಎಂಟಡಿ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ ತುಂಬಿ ಹೊಸ ಅರ್ಥಿಂಗ್ ಮಾಡಿದರು. ಹಾರೆ ಹಿಡಿದದ್ದು ಹೆಚ್ಚಾಗಿ ಜೊತೆಗಿದ್ದ ಹುಡುಗಿ. ಗೀಸರಿಗೆ 4 ಎಂಎಂ ತಾಮ್ರದ ವೈರು ಎಳೆದು, ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದರು. ಅದೊಂದೇ ಸಾಲದೇ ಅಂತ ಕೇಳಿದೆ. "ಅರ್ಥಿಂಗ್ ಇದ್ರೆ ಕರೆಂಟು ಲೀಕಾದ ತಕ್ಸಣ ಅದು ಬೀಳ್ತದೆ. ಇಲ್ದೆ ಹೋದ್ರೂ ಬೀಳ್ತದೆ, ಆದ್ರೆ ನೀವು ಮುಟ್ಟಿದ್ಮ್ಯಾಲೆ!" ಮೂವತ್ತೊಂದು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದ ನನಗೆ ಇಷ್ಟು ಚೊಕ್ಕವಾಗಿ ಹೇಳಲು ಬರುತ್ತಿರಲಿಲ್ಲ.

ಒಂದು ತೊಂದರೆ ಹೇಳಲೇಬೇಕು. ಇವರು ಯಾವ ರೂಮಿಗೂ ಒಂಟಿಯಾಗಿ ಕಾಲಿಡುವುದಿಲ್ಲ. "ನೀವು ವಸಿ ಇಲ್ಲೇ ನಿಂತ್ಕಳಿ ಅಮ್ಮ." ಮೂರು ದಿನ ನಿಂತೆ. ಒಂದು ದಿನ ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು. ರೇಗಿ, "ನಾನೇನು ಅನುಮಾನ ಪಡ್ತಿಲ್ಲವಲ್ಲ" ಅಂದೆ. "ನೀವು ಪಡಲ್ಲ. ನಾಳೆ ಒಂದು ಉಂಗುರ ಕಾಣ್ದೆ ಹೋದ್ರೆ?" ಅಂದು ಡ್ರಿಲ್ ಶುರು ಮಾಡಿದರು.

ಊಟದ ಹೊತ್ತಿನಲ್ಲಿ ಈ ಕಸುಬೇ ಯಾಕೆ ಅಂತ ಕೇಳಿದೆ. ಒಳಗೆ ಹೊಲಿಗೆ ಕಲಿಸಿದ್ದರಂತೆ. ಮಂಡ್ಯಕ್ಕೆ ಬಂದು ನೋಡಿದರೆ ಅವರ ಬೀದಿಯೊಂದರಲ್ಲೇ ನಾಲ್ಕು ಜನ ರವಿಕೆ ಹೊಲಿಯುವವರು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಎರಡು ವರ್ಷ; ಅಷ್ಟು ದಿನ ಸಂಪಾದನೆಯಿಲ್ಲದೆ ಕೂರುವಂತಿರಲಿಲ್ಲ. ವಯಸ್ಸಾದ ಒಬ್ಬ ಮೇಸ್ತ್ರಿ ಹೆಲ್ಪರ್ ಆಗಿ ಸೇರಿಸಿಕೊಂಡು, ಪೈಪಿನೊಳಗೆ ವೈರು ಎಳೆಯುವುದರಿಂದ ಹಿಡಿದು ಎಲ್ಲ ಕಲಿಸಿದರಂತೆ. ಮೊಬೈಲಿನಲ್ಲಿ ಬುಕ್ ಮಾಡುವ ಕಂಪನಿಯವರು ಪೊಲೀಸ್ ವೆರಿಫಿಕೇಶನ್ ಕೇಳಿದಲ್ಲಿಗೆ ಮಾತು ಮುಗಿಯಿತು. ಹೀಗೆ ಒಬ್ಬರಿಂದ ಒಬ್ಬರಿಗೆ ನಂಬರ್ ದಾಟಿಯೇ ಇವರಿಗೆ ಕೆಲಸ ಸಿಗಬೇಕು.

ಸಾಮಾನಿಗೆ 5,860 ರೂಪಾಯಿ, ಅಂಗಡಿ ಬಿಲ್ಲು ಕೈಗೇ ಕೊಟ್ಟರು. ಇಬ್ಬರ ಮೂರು ದಿನದ ಕೂಲಿ 5,400. ಚೌಕಾಸಿಗೆ ಬಗ್ಗಲಿಲ್ಲ. ಗೋಡೆ ಕೊರೆದ ಕಡೆ ಸಿಮೆಂಟ್ ಮೆತ್ತಿದ್ದು ಮಾತ್ರ ಚೆನ್ನಾಗಿಲ್ಲ, ಉಬ್ಬುತಗ್ಗು ಎದ್ದು ಕಾಣುತ್ತದೆ. ಗಾರೆಯವರನ್ನು ಬೇರೆ ಕರೆಸಬೇಕು. ಮಂಡ್ಯದಿಂದ ರೈಲಿನಲ್ಲಿ ಬರುವುದರಿಂದ ಹತ್ತು ಗಂಟೆ ಅಂದರೆ ಹನ್ನೊಂದು ಅಂತ ಇಟ್ಟುಕೊಳ್ಳಿ. ಹೊಸ ಮೀಟರ್, ಲೋಡ್ ಹೆಚ್ಚಿಸುವ ಕೆಲಸಕ್ಕೆ ಇವರನ್ನು ಕರೆಯಬೇಡಿ. ವಿದ್ಯುತ್ ಕಂಪನಿ ಚೆಸ್ಕಾಂಗೆ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ ಬೇಕು, ಇವರ ಹತ್ತಿರ ಅದಿಲ್ಲ. ಅದನ್ನೂ ಅವರೇ ಹೇಳಿದರು.

ಈಗ ಬರಿಗಾಲಲ್ಲಿ ಸ್ನಾನ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಬೇಕಂತೆ, ಹಾಕುತ್ತಿದ್ದೇನೆ. ಮುಂದಿನ ತಿಂಗಳು ಸಂಪಿನ ಮೋಟರ್ ವೈರಿಂಗಿಗೂ ಇವರಿಗೇ ಹೇಳಿದ್ದೇನೆ. ನಂಬರ್ ಬೇಕಾದವರು ಕೇಳಿ, ಆಕೆಯನ್ನು ಒಂದು ಮಾತು ಕೇಳಿ ಕೊಡುತ್ತೇನೆ. ಕರೆಸುವ ದಿನ ಮಾತ್ರ ರಜೆ ಹಾಕಿ ಮನೆಯಲ್ಲಿರಿ, ಒಲೆ ಮೇಲೆ ಹಾಲಿಡಬೇಡಿ.