ಅಂಕ ಕೊಡುವವರನ್ನೂ ಪ್ರಶ್ನಿಸುವ ಮೌಲ್ಯಮಾಪನ ತಂತ್ರಾಂಶ: ಒಂದು ವರ್ಷದ ಬಳಕೆಯ ನಂತರ

ನನ್ನ ತಂಡದಲ್ಲಿ 11 ಜನ. ವರ್ಷಕ್ಕೊಮ್ಮೆ ಅವರ ಕೆಲಸಕ್ಕೆ 1ರಿಂದ 5ರವರೆಗೆ ಅಂಕ ಕೊಡುವುದು ನನ್ನ ಹೊಣೆ. ಮೊದಲೆಲ್ಲ ಅದನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಿದ್ದೆ, ಏಕೆಂದು ಕೇಳುವವರಿರಲಿಲ್ಲ. ಕಳೆದ ವರ್ಷ ಕಚೇರಿಗೆ ಬಂದ ಹೊಸ ತಂತ್ರಾಂಶ ಆ ಅಭ್ಯಾಸವನ್ನು ಬಿಡಿಸಿತು. ಅದಕ್ಕಾಗಿ ನಾನು ಋಣಿ.

ವರ್ಷದ ಮೊದಲ ದಿನ ತೆರೆದಾಗಲೇ ಅದು ಒಂದು ಮಾತು ಹೇಳುತ್ತದೆ: ಪ್ರತಿ ಅಂಕಕ್ಕೂ ಹೇಗೆ ಬಂದಿರಿ ಎಂಬುದನ್ನು ನೀವು ಮೂವರು ಪರಿಶೀಲಕರಿಗೆ ವಿವರಿಸಬೇಕು. ಆ ಮೂವರು ಯಾರೆಂದು ಹೇಳುವುದಿಲ್ಲ. ಅಂದಿನಿಂದ ನಾನು ಪ್ರತಿ ಶುಕ್ರವಾರ ಎರಡು ಸಾಲು ಬರೆದಿಡತೊಡಗಿದೆ. ಸಭೆಗಳಲ್ಲಿ ಬಾಯಿಬಿಡದ ಒಬ್ಬರಿಗೆ ಹಳೆಯ ಲೆಕ್ಕದಲ್ಲಿ 3 ಬೀಳುತ್ತಿತ್ತು. ಟಿಪ್ಪಣಿ ತಿರುವಿದರೆ, ಬೇರೆಯವರ ವರದಿಯಲ್ಲಿದ್ದ ತಪ್ಪನ್ನು ಅವರು ಎರಡು ಬಾರಿ ಗ್ರಾಹಕರಿಗೆ ಹೋಗುವ ಮುನ್ನವೇ ಹಿಡಿದಿದ್ದರು. 4 ಕೊಟ್ಟೆ, ಕಾರಣವನ್ನೂ ಬರೆದೆ. ಹಿಂದಿನ ವರ್ಷಗಳಲ್ಲಿ ಇಂಥವು ಎಷ್ಟು ನನ್ನ ಕಣ್ಣು ತಪ್ಪಿದವೋ ಎಂದು ಆ ದಿನ ಮನಸ್ಸಿಗೆ ಕಸಿವಿಸಿಯಾಯಿತು.

ಮೊದಲೇ ಹೇಳುವುದರಲ್ಲಿಯೇ ಎಲ್ಲ ಇದೆ. ಉತ್ತರದಾಯಿತ್ವದ, ಅಂದರೆ ತನ್ನ ತೀರ್ಮಾನಕ್ಕೆ ಬೇರೆಯವರಿಗೆ ಕಾರಣ ಹೇಳಬೇಕಾದ ಹೊಣೆಯ, ಬಗೆಗಿನ ಅಧ್ಯಯನಗಳನ್ನು ಮನೋವಿಜ್ಞಾನಿಗಳಾದ ಜೆನಿಫರ್ ಲರ್ನರ್ ಮತ್ತು ಫಿಲಿಪ್ ಟೆಟ್ಲಾಕ್ 1999ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಕಂಡದ್ದೂ ಇದೇ. ಕಾರಣ ಹೇಳಬೇಕೆಂದು ತೀರ್ಮಾನಕ್ಕೆ ಮೊದಲೇ ತಿಳಿದಿದ್ದರೆ, ಕೇಳುವವರ ಒಲವು ಗೊತ್ತಿಲ್ಲದಿದ್ದರೆ, ಫಲಕ್ಕಿಂತ ವಿಧಾನದ ಬಗ್ಗೆ ಪ್ರಶ್ನೆ ಬರುವುದಾದರೆ ಮನುಷ್ಯ ನಾಲ್ಕೂ ಕಡೆ ನೋಡಿ ಯೋಚಿಸುತ್ತಾನೆ. ತೀರ್ಮಾನವಾದ ಮೇಲೆ ಕಾರಣ ಕೇಳಿದರೆ ಅದನ್ನು ಸಮರ್ಥಿಸಿಕೊಳ್ಳಲು ಹೊರಡುತ್ತಾನೆ.

ಇಷ್ಟು ತಿಳಿದು ಮಾಡಿದವರು ಅಂಕ ತುಂಬುವ ಪುಟದಲ್ಲಿ ಎಡವಿದ್ದು ನನಗೆ ನಿಜವಾಗಿ ನೋವು ತಂದಿದೆ. ಆ ಪುಟದ ಬಲಭಾಗದಲ್ಲಿ ಎರಡು ಅಂಕಣಗಳಿವೆ. ಒಂದರಲ್ಲಿ ನೌಕರರು ತಮಗೆ ತಾವೇ ಕೊಟ್ಟುಕೊಂಡ ಅಂಕ, ಇನ್ನೊಂದರಲ್ಲಿ ವಿಭಾಗದ ಮುಖ್ಯಸ್ಥರು ನಿರೀಕ್ಷಿಸುವ ಅಂಕ. ಒಬ್ಬರ ಸಮಯಪಾಲನೆಗೆ ನನ್ನ ಟಿಪ್ಪಣಿಯ ಪ್ರಕಾರ 2 ಸರಿಯಾಗಿತ್ತು. ಎರಡೂ ಅಂಕಣಗಳಲ್ಲಿ ನೀಲಿ ಬಣ್ಣದ 4 ಇತ್ತು. ಮರುದಿನ ಅವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬೇಕಿತ್ತು. ನಾನು 3 ಒತ್ತಿದೆ. ಅವರು ಆ ವರ್ಷ ತಿದ್ದಿಕೊಳ್ಳಬಹುದಾಗಿದ್ದ ವಿಷಯವನ್ನು ನಾನೇ ಮಸುಕುಗೊಳಿಸಿದೆ. ಸಂಶೋಧಕರಾದ ಕ್ಲಿಮೋಸ್ಕಿ ಮತ್ತು ಇಂಕ್ಸ್ 1990ರಲ್ಲಿ ನಡೆಸಿದ ಪ್ರಯೋಗದಲ್ಲಿಯೂ, ಫಲಿತಾಂಶವನ್ನು ಮುಖಾಮುಖಿಯಾಗಿ ತಿಳಿಸಬೇಕೆಂದು ಗೊತ್ತಿದ್ದವರ ಅಂಕಗಳು ಎದುರಿನವರ ಸ್ವಮೌಲ್ಯಮಾಪನದ ಕಡೆಗೆ ವಾಲಿದ್ದವು.

ಉಳಿದಂತೆ ದೂರಿಲ್ಲ. ಮೊಬೈಲ್‌ನಲ್ಲಿ ಚೆನ್ನಾಗಿ ತೆರೆಯುತ್ತದೆ, ಬರೆದದ್ದು ಕಳೆದುಹೋಗುವುದಿಲ್ಲ, ಹುಡುಕಾಟ ಮಾತ್ರ ನಿಧಾನ.

5ಕ್ಕೆ 3 ಕೊಡುತ್ತೇನೆ. ನಾವು ಅಂಕ ಸಲ್ಲಿಸುವವರೆಗೆ ಆ ಎರಡು ಅಂಕಣಗಳನ್ನು ಮರೆಮಾಡಿ ಎಂದು ತಯಾರಕರಿಗೆ ಬರೆದಿದ್ದೇನೆ, ಹಾಗೆ ಮಾಡಿದ ದಿನ 5 ಮಾಡುತ್ತೇನೆ. ಈ ಬಾರಿ ಪರದೆಯ ಬಲ ಅಂಚಿಗೆ ದಪ್ಪ ಕಾಗದವೊಂದನ್ನು ಅಂಟಿಸಿಕೊಂಡು ಕೂತಿದ್ದೇನೆ. 11 ಜನರಲ್ಲಿ ಏಳು ಜನರದು ಮುಗಿದಿದೆ.